ಓದಿ ನೋಡದೆ ಆಮೆನ್ ಹೇಳದವಳು

ನಮ್ಮ ಮನೆಯಲ್ಲಿ ಒಬ್ಬಳು ಇದ್ದಾಳೆ. ದೇವರು ಇದ್ದಾನೋ ಇಲ್ಲವೋ ಎಂದು ಅವಳಿಗೆ ಸಂಶಯ ಉಂಟು. ಆದರೆ ಕಾಲೇಜಿನ ಅಂಗಳದಲ್ಲಿ ಕೂತಿರುವ ಒಂದು ಕಂಚಿನ ಕಪ್ಪೆಗೆ ದಿನಾ ಬೆಳಿಗ್ಗೆ 'ಹಾಯ್' ಹೇಳದೆ ಅವಳು ಕ್ಲಾಸಿಗೆ ಹೋಗುವುದಿಲ್ಲ! ಇಂಥವಳನ್ನು ಏನೆಂದು ಕರೆಯುವುದು? ನಾಸ್ತಿಕಳು ಎನ್ನೋಣ ಎಂದರೆ ಕಪ್ಪೆ ಅಡ್ಡ ಬರುತ್ತದೆ. ಭಕ್ತೆ ಎನ್ನೋಣ ಎಂದರೆ ಅವಳೇ ಒಪ್ಪುವುದಿಲ್ಲ. ನಾನಂತೂ ಮೊಮ್ಮಗಳು ಎಂದು ಕರೆಯುತ್ತೇನೆ. ಅದರಲ್ಲಿ ಎಲ್ಲವೂ ಬಂತು.

ಈ ವರ್ಷ ಅವಳು ಕಾಲೇಜು ಸೇರಿದಳು. ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ಅಜ್ಜಿಯ ಮೊಮ್ಮಗಳು ಕಾಲೇಜಿನ ಮೆಟ್ಟಿಲು ಹತ್ತಿದಳು ಎಂದರೆ ಆ ಸಂತೋಷವನ್ನು ಎಲ್ಲಿ ಇಡುವುದು? ಅಮೆರಿಕದ ಈ ಸಮಾಮಿಶ್ ಊರಿನ ನಮ್ಮ ಬೀದಿಯಲ್ಲಿ ನಾಯಿ ವಾಕಿಂಗ್ ಮಾಡಿಸುವವರಿಗೆಲ್ಲ ಹೇಳಿ ಆಯಿತು. ಭಾಷೆಯ ತೊಂದರೆ ಏನಿಲ್ಲ. 'ಗ್ರ್ಯಾಂಡ್ ಡಾಟರ್, ಕಾಲೇಜ್' ಎಂದು ಹೇಳಿ ಎರಡೂ ಕೈ ಮೇಲೆತ್ತಿದರೆ ಯಾವ ದೇಶದವರಿಗೆ ಅರ್ಥವಾಗುವುದಿಲ್ಲ ಹೇಳಿ? ಒಬ್ಬಾಕೆ ರಸ್ತೆಯಲ್ಲೇ ನನ್ನನ್ನು ಅಪ್ಪಿಕೊಂಡಳು. ಮರುದಿನ ಅದೇ ಆಕೆ ಎದುರಾದಾಗ ನಾನು ಮತ್ತೆ ಹೇಳಿದೆ. ಆಕೆ ಮತ್ತೆ ಅಪ್ಪಿಕೊಂಡಳು. ಮೂರನೇ ದಿನ ನಾಯಿಯೇ ಬೇರೆ ದಾರಿ ಹಿಡಿಯಿತು.

ಈ ಹುಡುಗಿ ಹುಟ್ಟುವಾಗ ಮಗಳ ಬಾಣಂತನಕ್ಕೆಂದು ಉಡುಪಿಯಿಂದ ಬಂದವಳು ನಾನು. ಬಾಣಂತನ ಮುಗಿಯಿತು, ಮಗು ನನ್ನನ್ನು ಬಿಡಲಿಲ್ಲ. ನನ್ನ ಹತ್ತಿರ ಕನ್ನಡ ಕಲಿತಳು, ಶಾಲೆಯಲ್ಲಿ ಇಂಗ್ಲಿಷ್ ಕಲಿತಳು. ಆದರೆ ಪ್ರಶ್ನೆ ಕೇಳುವುದನ್ನು ಯಾರ ಹತ್ತಿರ ಕಲಿತಳೋ, ಅದು ಮಾತ್ರ ಇವತ್ತಿಗೂ ಗೊತ್ತಾಗಲಿಲ್ಲ.

ಅವಳ ಸಂಗತಿ ಹೇಳುವ ಮೊದಲು ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ಸಂಜೆ ಊಟಕ್ಕೆ ಮೊದಲು ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಇದೇನು ಹೊಸತಲ್ಲ. ಆದರೆ ನನ್ನ ಮಾವನವರು ಅದಕ್ಕೆ ತಮ್ಮದೊಂದು ನಿಯಮ ಸೇರಿಸಿದ್ದರು. ಎಲ್ಲರೂ ಸುತ್ತ ಕೂರಬೇಕು. ಪ್ರತಿಯೊಬ್ಬರೂ ತಮ್ಮ ಬಲಗಡೆ ಕೂತವರಿಗಾಗಿ ಮಾತ್ರ ಬೇಡಬೇಕು. ತನಗಾಗಿ ಯಾರೂ ಏನೂ ಕೇಳುವ ಹಾಗಿಲ್ಲ. ಯಾರಿಗಾಗಿ ಬೇಡಿದರೋ ಅವರೇ ಮೊದಲು 'ಆಮೆನ್' ಹೇಳಬೇಕು, ಆಮೇಲೆ ಉಳಿದವರು. ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು. ಕೊಡುವಾಗ ತೆಗೆದುಕೊಳ್ಳುವವನು ಕೈ ಚಾಚಬೇಕಲ್ಲ ಎನ್ನುತ್ತಿದ್ದರು ಮಾವ. ಆ ಆಮೆನ್ ಬೀಳದೆ ಯಾರಿಗೂ ಊಟವಿಲ್ಲ.

ಈ ನಿಯಮ ಹುಟ್ಟಿದ್ದು ಭಕ್ತಿಯಿಂದಲ್ಲ, ಸೈಕಲಿನಿಂದ. ನನ್ನ ಗಂಡ ಮತ್ತು ಮೈದುನ ಚಿಕ್ಕವರಿದ್ದಾಗ ಒಂದು ಸೈಕಲ್ ವಿಷಯಕ್ಕೆ ಮಾತು ಬಿಟ್ಟಿದ್ದರಂತೆ. ಮಾವ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ಅಣ್ಣ ತಮ್ಮನಿಗಾಗಿ ಬೇಡಲಿ ಎಂದರು. ನನ್ನ ಗಂಡ ಕಣ್ಣು ಮುಚ್ಚಿ, "ಕರ್ತನೇ, ನನ್ನ ಬಲಗಡೆ ಕೂತಿರುವ ಈ ಮನುಷ್ಯನಿಗೆ ಸ್ವಲ್ಪ ಬುದ್ಧಿ ಕೊಡು" ಎಂದರಂತೆ. ಇದಕ್ಕೆ ಆಮೆನ್ ಹೇಳಲು ಮೈದುನನಿಗೆ ಮನಸ್ಸು ಬರುವುದು ಹೇಗೆ? ಹೇಳಲಿಲ್ಲ. ಎಲ್ಲರೂ ಕಾದರು. ಒಲೆಯ ಹತ್ತಿರ ಬಂಗುಡೆ ಮೀನಿನ ಸಾರು ಆರುತ್ತಾ ಬಂತು. ಕಡೆಗೆ ಮೈದುನ ಸಾರಿನ ಮಡಕೆಯ ಕಡೆಗೊಮ್ಮೆ ನೋಡಿ ಆಮೆನ್ ಎಂದನಂತೆ. ಅಣ್ಣ ತಮ್ಮಂದಿರನ್ನು ಒಂದು ಮಾಡಿದ್ದು ಪ್ರಾರ್ಥನೆಯೋ ಬಂಗುಡೆಯೋ, ಅದನ್ನು ಮಾವನವರು ಕೊನೆಯವರೆಗೂ ಹೇಳಲಿಲ್ಲ.

ಸಮಾಮಿಶ್‌ಗೆ ಬಂದ ಮೇಲೂ ಆ ನಿಯಮ ತಪ್ಪಲಿಲ್ಲ. ನಾವು ನಾಲ್ವರು. ಮೊಮ್ಮಗಳ ಬಲಗಡೆ ನಾನು, ನನ್ನ ಬಲಗಡೆ ಮಗಳು, ಮಗಳ ಬಲಗಡೆ ಅಳಿಯ, ಅಳಿಯನ ಬಲಗಡೆ ಮತ್ತೆ ಮೊಮ್ಮಗಳು. ಚಿಕ್ಕವರಿಂದ ಶುರು. ಅಂದರೆ ಈ ಹುಡುಗಿಗೆ ಮಾತು ಬಂದ ದಿನದಿಂದ ನನಗಾಗಿ ಬೇಡುವ ಕೆಲಸ ಅವಳದು. ಬಿದ್ದ ಹಲ್ಲು ಒಯ್ದು ದುಡ್ಡಿಟ್ಟು ಹೋಗುವ ಟೂತ್ ಫೇರಿ ಎಂಬ ಕಿನ್ನರಿಯನ್ನು ಇಲ್ಲಿಯ ಮಕ್ಕಳು ನಂಬುತ್ತಾರೆ. ನನ್ನ ಹಲ್ಲು ಬಿದ್ದಾಗ ಅವಳು ಬೇಡಿದ್ದು ಈಗಲೂ ನೆನಪುಂಟು. "ದೇವರೇ, ಅಜ್ಜಿಗೆ ಹೊಸ ಹಲ್ಲು ಕೊಡು. ನಾನು ಟೂತ್ ಫೇರಿಗೂ ಹೇಳಿದ್ದೇನೆ. ನೀವಿಬ್ಬರೂ ಮಾತಾಡಿಕೊಳ್ಳಿ." ಮಾತಾಡಿಕೊಂಡರೋ ಇಲ್ಲವೋ, ಡೆಂಟಿಸ್ಟ್ ಮಾತ್ರ ಸೆಟ್ ಕಟ್ಟಿಕೊಟ್ಟರು.

ಇನ್ನು ಆಮೆನ್ ವಿಷಯ. ಅಳಿಯ ಸಾಫ್ಟ್‌ವೇರಿನವರು. ಯಾವ ಕಾಗದಕ್ಕೂ ಪೂರ್ತಿ ಓದದೆ ಸಹಿ ಹಾಕಬಾರದು ಎಂದು ತಮ್ಮ ಮಗಳಿಗೆ ಎಳವೆಯಲ್ಲೇ ಕಲಿಸಿದ್ದರು. ಒಳ್ಳೆಯ ಬುದ್ಧಿಯೇ. ಅದನ್ನು ಅವಳು ಎಲ್ಲಿಗೆ ತಂದು ಹಚ್ಚಿದಳು ನೋಡಿ! ಪಕ್ಕದ ಊರು ರೆಡ್ಮಂಡಿನ ಒಂದು ಚರ್ಚಿನವರು ಭಾನುವಾರ ಮಧ್ಯಾಹ್ನ ತಮ್ಮ ಸಭಾಂಗಣವನ್ನು ನಮ್ಮ ಕನ್ನಡದವರಿಗೆ ಬಿಟ್ಟುಕೊಡುತ್ತಾರೆ. ಅಲ್ಲಿ ಒಮ್ಮೆ ಪಾಸ್ಟರ್, ಬರುವ ಶನಿವಾರದ ಪಿಕ್ನಿಕ್ಕಿಗೆ ಮಳೆ ಬಾರದಿರಲಿ ಎಂದು ಪ್ರಾರ್ಥಿಸಿದರು. ಅಕ್ಟೋಬರ್ ತಿಂಗಳು! ಈ ಊರಲ್ಲಿ ಅಕ್ಟೋಬರಿನಲ್ಲಿ ಮಳೆ ಬೇಡ ಎನ್ನುವುದೆಂದರೆ ಅದಕ್ಕೂ ನಂಬಿಕೆ ಬೇಕು. ಎಲ್ಲರೂ ಆಮೆನ್ ಎಂದರು. ಇವಳು ತುಟಿ ಬಿಗಿದು ಕೂತಳು. ಪಾಸ್ಟರ್ ನಗುತ್ತಾ, ಏನಮ್ಮ, ನಿನಗೆ ಪಿಕ್ನಿಕ್ ಬೇಡವಾ ಎಂದು ಕೇಳಿದರು.

"ಬೇಕು ಅಂಕಲ್. ಆದ್ರೆ ಸಾಲ್ಮನ್ ಮೀನು ಮೊಟ್ಟೆ ಇಡೋಕೆ ಹೊಳೆ ಹತ್ತೋ ಟೈಮ್ ಇದು. ಅವಕ್ಕೆ ಮಳೆ ಬೇಕು. ನೀವು ಅವನ್ನ ಕೇಳಿದ್ರಾ?"

ಸಭೆಯೆಲ್ಲ ನಗು. ಮಗಳು ನಾಚಿಕೆಯಿಂದ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಶನಿವಾರ ಬಂತು. ಮಳೆಯೂ ಬಂತು, ಎಂಥ ಮಳೆ! ಒಂದೊಂದು ಕುಟುಂಬ ಒಂದೊಂದು ಕಾರಿನಲ್ಲಿ ಕೂತು ಪುಲಾವ್ ತಿಂದೆವು. ಇವಳೊಬ್ಬಳು ಕೊಡೆ ಹಿಡಿದು, ಮೀನುಗಳ ಪರವಾಗಿ ಗೆದ್ದ ವಕೀಲರ ಹಾಗೆ ಕಾರಿನಿಂದ ಕಾರಿಗೆ ಹೋಗಿ ಉಪ್ಪಿನಕಾಯಿ ಬಡಿಸಿದಳು. ಅಂದಿನಿಂದ ಪಾಸ್ಟರ್ ಪಿಕ್ನಿಕ್ ಎಂದರೆ ಮೊದಲು ಇವಳ ಮುಖ ನೋಡುತ್ತಾರೆ.

ಇಂಥವಳು ಸೆಪ್ಟೆಂಬರಿನಲ್ಲಿ ನಮ್ಮ ಊರ ಕಡೆಯ ದೊಡ್ಡ ಸರೋವರದ ಆಚೆಯ ಕಾಲೇಜಿಗೆ ಸೇರಿ ಅಲ್ಲೇ ಹಾಸ್ಟೆಲಿನಲ್ಲಿ ಉಳಿದಳು. ಕಾರಿನಲ್ಲಿ ಹೋದರೆ ಒಂದು ಪಿಕ್ಚರ್ ನೋಡುವಷ್ಟು ಹೊತ್ತೂ ಇಲ್ಲ. ಆದರೂ ಮನೆಯಲ್ಲಿ ಒಂದು ಕುರ್ಚಿ ಖಾಲಿ ಎಂದರೆ ಖಾಲಿಯೇ. ಸುತ್ತು ಮುರಿಯಬಾರದೆಂದು ಅಳಿಯ ಉಪಾಯ ಮಾಡಿದರು. ಅವಳ ಕುರ್ಚಿಯ ಮೇಲೆ ಒಂದು ಉಪ್ಪಿನಕಾಯಿ ಬಾಟ್ಲಿ, ಬಾಟ್ಲಿಗೆ ಒರಗಿಸಿ ಫೋನು, ಫೋನಿನಲ್ಲಿ ಅವಳು. ಅವಳಿಗೆ ಆ ಹೊತ್ತಿಗೆ ಸಿಗುವ ಒಂದೇ ಖಾಲಿ ಜಾಗ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆ. ಮಿಷನ್ನುಗಳು ಗಿರಗಿರ ತಿರುಗುವ ನಡುವೆ ನನಗಾಗಿ ಬೇಡುತ್ತಿದ್ದಳು. ಒಂದು ದಿನ ಅಳಿಯ ಅವಳಿಗಾಗಿ ಉದ್ದಕ್ಕೆ ಪ್ರಾರ್ಥಿಸುತ್ತಿದ್ದಾಗ, ಹಿಂದಿನಿಂದ ಯಾವುದೋ ಹುಡುಗನ ದನಿ, ಇನ್ನೂ ಎಷ್ಟು ಹೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿತು. ಅವನು ಕೇಳಿದ್ದು ಬಟ್ಟೆ ಒಣಗಿಸುವ ಮಿಷನ್ನಿನ ಬಗ್ಗೆ. ಅಳಿಯ ಮಾತ್ರ ತಕ್ಷಣ ಪ್ರಾರ್ಥನೆ ಮುಗಿಸಿಬಿಟ್ಟರು! ಅಂದು ಊಟ ಬೇಗ ಆಯಿತು.

ಹೀಗೆ ನಗುನಗುತ್ತಾ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ನನ್ನೊಬ್ಬಳಿಗೇ ಫೋನ್ ಮಾಡಿದಳು. ನಾನು ಹಿತ್ತಲಿನಲ್ಲಿ ಬಸಳೆಯ ಚಪ್ಪರ ಬಿಚ್ಚುತ್ತಿದ್ದೆ. ಚಳಿ ಬಂತೆಂದರೆ ಇಲ್ಲಿ ಬಸಳೆಯ ಕಥೆ ಮುಗಿಯಿತು. ಅದನ್ನೇ ಹೇಳುತ್ತಿದ್ದೆ. ಅವಳು ನಡುವೆ ತಡೆದಳು.

"ಅಜ್ಜಿ, ನಾನು ಸ್ವಲ್ಪ ದಿನ ಪ್ರೇಯರ್‌ಗೆ ಬರಲ್ಲ."

ಪರೀಕ್ಷೆಯಾ ಎಂದು ಕೇಳಿದೆ. ಅಲ್ಲ ಎಂದಳು. ಯಾರಾದರೂ ಏನಾದರೂ ಅಂದರಾ ಎಂದೆ. ಅದೂ ಅಲ್ಲ. ಕ್ಲಾಸಿನಲ್ಲಿ ಬೇರೆ ಬೇರೆ ಧರ್ಮದ ಬಗ್ಗೆ ಓದುತ್ತಿದ್ದಾರಂತೆ. ರೂಮಿನಲ್ಲಿ ಜೊತೆಗಿರುವ ಹುಡುಗಿಗೆ ಯಾವ ದೇವರೂ ಇಲ್ಲವಂತೆ, ಆದರೂ ಬಹಳ ಒಳ್ಳೆಯವಳಂತೆ, ಜ್ವರ ಬಂದಾಗ ಗಂಜಿ ಮಾಡಿಕೊಟ್ಟಳಂತೆ. ನಾನು ಎಲ್ಲದಕ್ಕೂ ಹೂಂ ಎಂದೆ. ಆಮೇಲೆ ಅವಳು ಹೇಳಿದ ಮಾತು ನನ್ನ ಎದೆಗೆ ಬಂದು ಕೂತಿತು.

"ನಾನು ಹೇಳೋದು ನನಗೇ ನಿಜ ಅನ್ನಿಸ್ತಿಲ್ಲ ಅಜ್ಜಿ. ನಿಜ ಅನ್ನಿಸದೆ ನಿನಗೋಸ್ಕರ ಬೇಡಿದ್ರೆ, ಅದು ನಿನಗೆ ಮೋಸ ಮಾಡಿದ ಹಾಗೆ."

ಬಸಳೆಯ ಬಳ್ಳಿ ಕೈಯಲ್ಲೇ ಉಳಿಯಿತು. ಬೈಯಲೇ? ಅಳಲೇ? ಅಳುವುದಕ್ಕೆ ಅವಳು ತಪ್ಪೇನು ಹೇಳಿದಳು? ಸುಳ್ಳು ಹೇಳಬಾರದು ಎಂದು ಕಲಿಸಿದವಳು ನಾನೇ ಅಲ್ಲವೇ? ಊಟ ಸರಿಯಾಗಿ ಮಾಡು ಎಂದೆ.

ಮನೆಯಲ್ಲಿ ಗೊತ್ತಾದಾಗ ಮಗಳು ಕಾಲೇಜಿನ ಮೇಲೆ ಸಿಟ್ಟಾದಳು. ಪಾಸ್ಟರ್ ಹತ್ತಿರ ಒಂದು ಮಾತು ಆಡಿಸೋಣವಾ ಎಂದಳು. ಅಳಿಯ ಮಾತ್ರ ಆ ಸಂಜೆ ಫೋನು ಇಲ್ಲದ ಕುರ್ಚಿಯ ಕಡೆ ತಿರುಗಿ, ತಮ್ಮ ಮಗಳಿಗಾಗಿ ಎಂದಿನಂತೆ ಪ್ರಾರ್ಥಿಸಿದರು. ಪ್ರಾರ್ಥನೆ ಮುಗಿಯಿತು. ಮೊದಲ ಆಮೆನ್ ಹೇಳಬೇಕಾದವಳು ಇಲ್ಲ. ಕುರ್ಚಿಯ ಮೇಲೆ ಉಪ್ಪಿನಕಾಯಿ ಬಾಟ್ಲಿ ಮಾತ್ರ. ಆಮೆನ್ ಬೀಳದೆ ಊಟವಿಲ್ಲ ಎಂಬ ನಿಯಮವನ್ನು ಯಾರೂ ಎತ್ತಲಿಲ್ಲ. ಎಲ್ಲರಿಗೂ ನೆನಪಿತ್ತು. ಸುಮ್ಮನೆ ಊಟ ಮಾಡಿದೆವು. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಇತ್ತ ನನಗಾಗಿ ಬೇಡುವವರೂ ಇಲ್ಲ. ಬಲಗಣ್ಣಿಗೆ ಪೊರೆ ಬಂದು, ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಸಣ್ಣ ಆಪರೇಷನ್ನೇ. ಆದರೆ ಕಣ್ಣು ಸಣ್ಣದೇ? ನನಗೆ ಒಳಗೊಳಗೇ ಹೆದರಿಕೆ. ತನಗಾಗಿ ಕೇಳಿಕೊಳ್ಳುವ ಹಾಗಿಲ್ಲವಲ್ಲ! "ಅತ್ತೆ, ಅವಳು ಬರೋ ತನಕ ನಿಮಗೆ ನಾನು ಪ್ರಾರ್ಥನೆ ಮಾಡ್ತೀನಿ" ಎಂದರು ಅಳಿಯ. ಬೇಡ ಎಂದೆ. ಮಗಳು ಎದ್ದು ನನ್ನ ಎಡಗಡೆಗೆ ಬಂದು ಕೂರಲು ಹೊರಟಳು. ಅವಳನ್ನೂ ಕೂರಿಸಲಿಲ್ಲ. ಎಂಥ ಹಟ ಅಮ್ಮ ನಿನ್ನದು ಎಂದಳು. ಹಟವೇ ಇರಲಿ. ಆ ಜಾಗಕ್ಕೆ ಬೇರೆ ಯಾರಾದರೂ ಬಂದು ಕೂತರೆ ಅವಳು ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ ಆಗುವುದಿಲ್ಲವೇ?

ಈ ನಡುವೆ ಕಾಲೇಜಿನಲ್ಲಿ ಮನೆಯವರಿಗೆಲ್ಲ ಬರಹೇಳಿದ ದಿನ ಬಂತು. ಮಗಳು ಅಳಿಯ ಯಾವುದೋ ಭಾಷಣಕ್ಕೆ ಹೋದರು. ನಾನೂ ಮೊಮ್ಮಗಳೂ ಅಂಗಳ ನೋಡುತ್ತಾ ಹೊರಟೆವು. ಆಗ ಕಂಡದ್ದು ನಮ್ಮ ಕಪ್ಪೆ! ಕಲ್ಲಿನ ಕಟ್ಟೆಯ ಮೇಲೆ ಕಂಚಿನ ಕಪ್ಪೆ ಉಬ್ಬಿ ಕೂತಿದೆ. ಬೆನ್ನು ಸವರಿ ಸವರಿ ಬಂಗಾರದ ಹಾಗೆ ಹೊಳೆಯುತ್ತಿದೆ. ಚಳಿ ಎಂದು ಯಾರೋ ಅದಕ್ಕೆ ಉಣ್ಣೆಯ ಟೋಪಿ ಹಾಕಿದ್ದಾರೆ. ಕಾಲ ಬುಡದಲ್ಲಿ ಪೆನ್ಸಿಲು, ಚಾಕಲೇಟು, ಅರ್ಧ ಬಿಸ್ಕತ್ತು. ನೈವೇದ್ಯವಲ್ಲದೆ ಮತ್ತೇನು? ಇವಳು ನಿಂತು, ಬೆನ್ನು ಸವರಿ, 'ಹಾಯ್' ಎಂದಳು.

"ಎಂತ ಮಾರಾಯ್ತಿ, ಸಂಡೇ ಸ್ಕೂಲಲ್ಲಿ ನಾನು ಬೈಬಲಿನ ಕಂಚಿನ ಸರ್ಪದ ಕಥೆ ಹೇಳಿಕೊಟ್ಟದ್ದು. ಈ ಕಪ್ಪೆ ಎಲ್ಲಿಂದ ಬಂತು?"

"ಇದು ದೇವರಲ್ಲ ಅಜ್ಜಿ, ಟ್ರೆಡಿಶನ್. ಫಸ್ಟ್ ಇಯರ್‌ನವರು ಹಾಯ್ ಹೇಳದೆ ಹೋದ್ರೆ ಎಕ್ಸಾಮಲ್ಲಿ ಎಲ್ಲ ಮರೆತುಹೋಗ್ತದಂತೆ."

"ನೀನು ನಂಬ್ತಿಯಾ?"

"ಇಲ್ಲಪ್ಪ."

"ಮತ್ತೆ ಯಾಕೆ ಹೇಳುದು?"

"ಎಲ್ಲರೂ ಹೇಳ್ತಾರೆ. ಹೇಳುವಾಗ ಖುಷಿ ಆಗ್ತದೆ, ಅಷ್ಟೇ."

ಸಿಕ್ಕಿಬಿದ್ದಳು ಎಂದುಕೊಂಡೆ ನಾನು. ಹಾಗಾದರೆ ನಮ್ಮ ಮನೆಯ ಪ್ರಾರ್ಥನೆಯೂ ಟ್ರೆಡಿಶನ್ನೇ ಅಲ್ಲವಾ, ಅದಕ್ಕೂ ಬಂದು ಒಂದು ಹಾಯ್ ಹೇಳಿ ಹೋಗು ಎಂದೆ. ನಗುತ್ತಾಳೆ ಎಂದು ನೋಡಿದರೆ ನಗಲಿಲ್ಲ. ಕಪ್ಪೆಯ ಟೋಪಿಯನ್ನು ಸರಿ ಮಾಡುತ್ತಾ ನಿಂತಳು. "ಅಜ್ಜಿ, ಕಪ್ಪೆ ಹತ್ರ ಸುಳ್ಳು ಹೇಳಿದ್ರೆ ಪರವಾಗಿಲ್ಲ" ಎಂದಳು.

ಆಮೇಲೆ ನನ್ನ ಕೈ ಹಿಡಿದು, ಮೆಟ್ಟಿಲು ಉಂಟು, ಮೆಲ್ಲ ಬಾ ಎನ್ನುತ್ತಾ ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ನನ್ನ ಕಣ್ಣು ಮಂಜಾಗಿರುವುದು ಅವಳಿಗೆ ಮರೆತಿರಲಿಲ್ಲ.

ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮರುದಿನ ನೀರುದೋಸೆಗೆ ಅಕ್ಕಿ ತೊಳೆಯುವಾಗ ಫಕ್ಕನೆ ಹೊಳೆಯಿತು. ಕಪ್ಪೆಯ ಹತ್ತಿರ ಪರವಾಗಿಲ್ಲ ಎಂದರೆ, ಮೇಲಿರುವ ಇನ್ನೊಬ್ಬನ ಹತ್ತಿರ ಪರವಾಗಿಲ್ಲ ಎನ್ನಲು ಅವಳಿಗೆ ಆಗುತ್ತಿಲ್ಲ. ಅಲ್ಲಿ ಯಾರೂ ಇಲ್ಲದಿದ್ದರೆ ಅವಳು ಇಷ್ಟು ಹೆದರುವುದು ಯಾರಿಗೆ? ಇದನ್ನು ನಾನು ಮಗಳಿಗೂ ಹೇಳಲಿಲ್ಲ, ಅಳಿಯನಿಗೂ ಹೇಳಲಿಲ್ಲ. ಅಕ್ಕಿ ಮಾತ್ರ ಅಗತ್ಯಕ್ಕಿಂತ ಹೆಚ್ಚು ಸಲ ತೊಳೆದೆ.

ಥ್ಯಾಂಕ್ಸ್‌ಗಿವಿಂಗ್ ಬಂತು. ಬೀದಿಯವರೆಲ್ಲ ಟರ್ಕಿ ಕೋಳಿ ಬೇಯಿಸುವ ದಿನ ನಮ್ಮಲ್ಲಿ ನಾಟಿ ಕೋಳಿ ಸಾರು, ಗರಿಗರಿ ರೊಟ್ಟಿ. ಮೊಮ್ಮಗಳು ಒಗೆಯದ ಬಟ್ಟೆಯ ದೊಡ್ಡ ಚೀಲದೊಂದಿಗೆ ಬಂದಳು. ಅಡುಗೆಮನೆಗೆ ನುಗ್ಗಿ, ಪಾತ್ರೆಗೆ ಬೆರಳದ್ದಿ ಸಾರು ನೆಕ್ಕಿ, ಅಮ್ಮನಿಂದ ಬೈಸಿಕೊಂಡಳು. ಮನೆಗೆ ಬೆಳಕು ಬಂತು. ಆದರೆ ಸಂಜೆಯಾದಂತೆ ಎಲ್ಲರ ಮಾತೂ ಕಡಿಮೆಯಾಯಿತು. ಪ್ರಾರ್ಥನೆಗೆ ಅವಳನ್ನು ಕರೆಯುವುದೋ ಬೇಡವೋ? ಕರೆದು ಅವಳು ಬರುವುದಿಲ್ಲ ಎಂದರೆ? ಮಗಳು ನನ್ನ ಮುಖ ನೋಡಿದಳು. ನಾನು ಸಾರಿನ ಕಡೆ ನೋಡಿದೆ.

ನಾವು ಮೂವರೂ ಹೋಗಿ ಕೂತೆವು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕುರ್ಚಿಯ ಮೇಲೆ ಆ ಉಪ್ಪಿನಕಾಯಿ ಬಾಟ್ಲಿ ಹಾಗೆಯೇ ಇತ್ತು. ಇಷ್ಟು ದಿನ ಅದನ್ನು ತೆಗೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ.

"ಇದು ಇನ್ನೂ ಇಲ್ಲೇ ಉಂಟಾ?" ಎಂದಳು. ಅವಳು ಮೆಲ್ಲಗೆ ಬಂದು ಬಾಟ್ಲಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಸುಮ್ಮನೆ ಕೂತಿರ್ತೇನೆ, ಏನೂ ಹೇಳಲ್ಲ ಎಂದಳು. ಹಾಗೇ ಆಗಲಿ ಎಂದರು ಅಳಿಯ.

ಚಿಕ್ಕವರಿಂದ ಶುರು ಎಂಬುದು ನಿಯಮ. ಅವಳು ಹೇಳುವುದಿಲ್ಲವಲ್ಲ, ನಾನೇ ಶುರು ಮಾಡೋಣ ಎಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಎಡಗಡೆಯಿಂದ ಒಂದು ಕೈ ಬಂದು ನನ್ನ ಕೈಯನ್ನು ಹಿಡಿಯಿತು.

"ದೇವರೇ, ನೀನಿದ್ದೀಯೋ ಇಲ್ವೋ ನನಗೆ ಗೊತ್ತಿಲ್ಲ. ಇದು ನಿಜ. ಅಜ್ಜಿಯ ಕಣ್ಣಿನ ಆಪರೇಷನ್ ಅಂದ್ರೆ ನನಗೆ ಹೆದರಿಕೆ. ಇದೂ ನಿಜ. ಅವಳಿಗೂ ಹೆದರಿಕೆ ಉಂಟು, ಹೇಳುದಿಲ್ಲ. ಅವಳಿಗೆ ಚೆನ್ನಾಗಿ ಕಾಣಬೇಕು. ಅಷ್ಟೇ."

ಅಷ್ಟೇ ಎಂದಳು. ಈಗ ಮೊದಲ ಆಮೆನ್ ನನ್ನದು. ಈ ಬಾಯಿ ಎಷ್ಟು ಸಾವಿರ ಆಮೆನ್ ಹೇಳಿದೆಯೋ, ಒಂದಕ್ಕೂ ಯೋಚಿಸಿದವಳಲ್ಲ ನಾನು. ಇದಕ್ಕೆ ಮಾತ್ರ ತಡೆದೆ. 'ನೀನಿದ್ದೀಯೋ ಇಲ್ವೋ' ಎಂಬ ಮಾತಿಗೆ ಹಾಗೆಯೇ ಆಗಲಿ ಎನ್ನುವುದು ಹೇಗೆ? ಆಗ ನಾನೂ ಅವಳ ಹಾಗೆಯೇ ಆ ಮಾತುಗಳನ್ನು ಮೊದಲಿನಿಂದ ಒಮ್ಮೆ ಮನಸ್ಸಿನಲ್ಲೇ ಓದಿ ನೋಡಿದೆ. ಸುಳ್ಳು ಎಂಬುದು ಒಂದೂ ಇರಲಿಲ್ಲ. ಇಷ್ಟು ನಿಜವಾದ ಪ್ರಾರ್ಥನೆಯನ್ನು ನನಗಾಗಿ ಬೇರೆ ಯಾರು ಮಾಡಿದ್ದಾರೆ?

ಆಮೆನ್ ಎಂದೆ. ಜೋರಾಗಿಯೇ ಎಂದೆ. ಹಲ್ಲಿನ ಸೆಟ್ ಜಾರಿ ಬೀಳದಿದ್ದದ್ದು ಪುಣ್ಯ!

ಆಮೇಲೆ ನಾನು ಮಗಳಿಗಾಗಿ ಬೇಡಿದೆ, ಮಗಳು ಅಳಿಯನಿಗಾಗಿ ಬೇಡಿದಳು. ಏನು ಬೇಡಿದೆವೋ ಇಬ್ಬರಿಗೂ ನೆನಪಿಲ್ಲ. ಕೊನೆಗೆ ಅಳಿಯನ ಸರದಿ. ಇಷ್ಟು ದಿನ ಖಾಲಿ ಕುರ್ಚಿಗೆ ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತನ್ನು ಆ ಮನುಷ್ಯ ಕಣ್ಣು ಮುಚ್ಚಿ ಶುರು ಮಾಡಿದರು. ಕರ್ತನೇ, ಈ ಮಗುವನ್ನು ಕಾಪಾಡು. ಅವಳ ಓದು ಚೆನ್ನಾಗಿ ಆಗಲಿ. ಅವಳಿಗೆ ಒಳ್ಳೆಯ ಗೆಳತಿಯರು ಸಿಗಲಿ. ಅವಳ ಸಂಶಯಗಳನ್ನೆಲ್ಲ ತೆಗೆದುಹಾಕು. ಎಲ್ಲಿದ್ದರೂ ನಮ್ಮ ಮನೆಯ ದಾರಿ ಅವಳಿಗೆ ಮರೆಯದಿರಲಿ.

ಮುಗಿಯಿತು. ಮೊದಲ ಆಮೆನ್ ಅವಳದು. ನಾವು ಕಾದೆವು. ಕೋಳಿ ಸಾರು ಆರುತ್ತಿತ್ತು. ಮಡಿಲಿನ ಬಾಟ್ಲಿಯ ಮುಚ್ಚಳವನ್ನು ತಿರುಗಿಸುತ್ತಾ ಅವಳು ಕೂತಿದ್ದಳು.

"ಪಪ್ಪ, ಅದರಲ್ಲಿ ಒಂದು ಲೈನ್ ತೆಗೀತೀಯಾ? ಆ ಡೌಟ್ ತೆಗೆದುಹಾಕು ಅನ್ನೋದು. ಅದು ನನಗೆ ಬೇಕು."

ಅಳಿಯ ಕಣ್ಣು ತೆರೆದು ಮಗಳನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಆಮೇಲೆ ಮತ್ತೆ ಕಣ್ಣು ಮುಚ್ಚಿ, ಆ ಒಂದು ಸಾಲು ಬಿಟ್ಟು, ಮೊದಲಿನಿಂದ ಹೇಳಿದರು. ಮನೆಯ ದಾರಿಯ ಮಾತು ಬಂದಾಗ ಅದನ್ನು ಎರಡು ಸಲ, ಪೂರ್ತಿಯಾಗಿ ಹೇಳಿದರು. ಅವಳು ಒಂದೊಂದು ಮಾತಿಗೂ ತಲೆ ಆಡಿಸುತ್ತಾ, ಕೊನೆಯ ತನಕ ಕೇಳಿದಳು.

ಕೇಳಿ ಮುಗಿಸಿ, ಆಮೆನ್ ಎಂದು ಸಹಿ ಹಾಕಿದಳು.